ಐಸ್ ಪ್ಲಾಂಟಿನ ಕಳ್ಳನನ್ನು ಹಿಡಿದವರು

ನಮ್ಮ ಮೊಮ್ಮಗಳ ಕೆಲಸ ಉಳಿಯಿತು! ಮರವಂತೆಯ ಐಸ್ ಪ್ಲಾಂಟಿನಲ್ಲಿ ಸರ್ವರ್ ಎಂಬ ಕಂಪ್ಯೂಟರ್ ನೋಡಿಕೊಳ್ಳುವವಳು ಅವಳು. "ಯಾರೋ ಅಪ್ಪಣೆಯಿಲ್ಲದೆ ನುಗ್ಗುತ್ತಿದ್ದಾರೆ" ಎಂದು ಅದರಿಂದ ಐದು ನಿಮಿಷಕ್ಕೊಂದು ಮೇಲ್ ಬರುತ್ತಿತ್ತು. ಕಳ್ಳ ಸಿಗದಿದ್ದರೆ ನಾಳೆಯಿಂದ ಬರಬೇಡ ಎಂದರು ಧಣಿಗಳು. ನಾನು ದೋಣಿಯ ಹುಟ್ಟು ಹಿಡಿದು ಮೂರು ದಿನ ಆ ಕಂಪ್ಯೂಟರಿನ ಕೋಣೆಯ ಬಾಗಿಲು ಕಾದೆ. ನೊಣವೂ ಒಳಗೆ ಹೋಗಲಿಲ್ಲ, ಮೇಲ್ ಮಾತ್ರ ನಿಲ್ಲಲಿಲ್ಲ.

ಇಂದು ಬೈಂದೂರಿನ ರಿಪೇರಿಯವರು ಬಂದರು. ಚಪ್ಪಲಿ ಕಳಚಿ, ಜ್ವರ ನೋಡುವಂತೆ ಕಂಪ್ಯೂಟರಿನ ಮೇಲೆ ಅಂಗೈ ಇಟ್ಟೇ ಕೆಲಸ ಶುರುಮಾಡುವವರು. ಯಾವ ದೂರು ಕೇಳಿದರೂ ತಪ್ಪು ಒಳಗಿನದೇ ಎಂಬುದು ಅವರ ಮಾತು. ಇಲ್ಲೂ ಹಾಗೇ ಅಂದರು.

"ಹ್ವಾಯ್ ಅಜ್ಜಯ್ಯ, ಹುಟ್ಟು ಕೆಳಗಿಡಿ. ಕಳ್ಳ ಅಲ್ಲ, ಮನೆಯವ್ನೇ!"

ಡಿಸ್ಕ್ ಪರೀಕ್ಷಿಸುವ ಆ ಕಂಪ್ಯೂಟರಿನದೇ ಪ್ರೋಗ್ರಾಂ ಅಪ್ಪಣೆಯಿಲ್ಲದೆ ಬೀಗಕ್ಕೆ ಕೈಹಾಕಿ, ಪ್ರತಿ ಸಲ ಕಳ್ಳನೆನಿಸಿಕೊಳ್ಳುತ್ತಿತ್ತಂತೆ. ಆ ಒಂದು ಕೆಲಸಕ್ಕೆ ಮಾತ್ರ ಅಪ್ಪಣೆ ಬರೆದುಕೊಟ್ಟರು. ಮೇಲ್ ನಿಂತಿತು.

"ಎಂತ ಅಜ್ಜಯ್ಯ, ಒಳಗಿದ್ದವ್ನಿಗೆ ಹೊರಗೆ ಕಾವಲಾ?" ಎಂದು ಧಣಿಗಳೂ ನಕ್ಕರು.

ಸಂಜೆ ಮನೆಯವರೆಲ್ಲ ಬಂಗುಡೆ ಸಾರಿನ ಊಟಕ್ಕೆ ಕೂತಾಗ ಯಾರೋ ಬಾಗಿಲು ಬಡಿದರು. ನನ್ನ ಕೈ ಹುಟ್ಟಿಗೆ ಹೋಯಿತು.

"ಕಳ್ಳ ಅಲ್ಲ, ಅಜ್ಜಯ್ಯ!" ಎಂದರು ರಿಪೇರಿಯವರು, ಹೊರಗಿನಿಂದ.

ಮೊಮ್ಮಗಳು ಆಗಲೇ ಇನ್ನೊಂದು ಬಟ್ಟಲು ಇಟ್ಟಿದ್ದಳು.