ಟರ್ಮಿನಲ್ಲಿನಲ್ಲಿ ಸೋಬಾನೆ

ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು ನಾನು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಟೈಪು ಮಾಡಿಯೇ ನನ್ನ ಕೆಲಸವೆಲ್ಲ. ಮೌಸ್ ಹಿಡಿದವರನ್ನು ಕಂಡರೆ ಒಳಗೊಳಗೇ ನಗುವಷ್ಟು ಜಂಬ. ಅತ್ತೆ ಹೇಳಿಕೊಟ್ಟ ಸೋಬಾನೆ ಪದಗಳನ್ನೂ ಅದರಲ್ಲೇ ಬರೆದಿಡುತ್ತಿದ್ದೆ. ಅರಕಲಗೂಡು ಕಡೆಯ ಮದುವೆಗಳಲ್ಲಿ ಅತ್ತೆ ಬಾಯಿಬಿಟ್ಟರೆ ಉಳಿದ ಹೆಂಗಸರು ಹಿಂದಿನಿಂದ ಸೊಲ್ಲು ಹಿಡಿಯುತ್ತಿದ್ದರಂತೆ.

ಸಂಜೆ ಕಾಫಿ ಕುಡಿದು ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದೆವು. ಬರೆದದ್ದನ್ನು ತೋರಿಸು ಅಂದರೆ ಟರ್ಮಿನಲ್ ಏದುಸಿರು ಬಿಡುತ್ತಿತ್ತು. ಇಂಗ್ಲಿಷ್ ಅಕ್ಷರಗಳದ್ದೆಲ್ಲ ಒಂದೇ ಅಳತೆ, ಬೇಗ ತುಂಬಿಬಿಡುತ್ತದೆ. ಕನ್ನಡಕ್ಕಾದರೆ ಬೇರೆ ಫಾಂಟು ಹುಡುಕಬೇಕು, ಗುಣಿತ, ಒತ್ತು ಸೇರಿಸಿ ಆಕಾರ ಕಟ್ಟಬೇಕು, ಅಂಚು ನಯ ಮಾಡಬೇಕು. ಎರಡು ಸಾಲು ಬಂದು ನಿಲ್ಲುತ್ತಿತ್ತು, ಆಮೇಲೆ ಮತ್ತೆರಡು. ನಾಲ್ಕನೇ ಕ್ಲಾಸಿನವರೆಗೆ ಓದಿದ ಅತ್ತೆ ಕನ್ನಡಕ ಏರಿಸಿಕೊಂಡು ಕೂಡಿಸಿ ಕೂಡಿಸಿ ಓದುವರು. ಎರಡನೇ ಸಾಲಿಗೆ ಓದು ರಾಗವಾಗಿರುತ್ತಿತ್ತು. ಹಾಗೆ ಹೇಳುತ್ತಿರುವಾಗಲೇ ಅವರಿಗೆ ಮರೆತಿದ್ದ ಪದಗಳು ನೆನಪಾಗುತ್ತಿದ್ದವು.

ಒಂದು ಸಂಜೆ ಹೆಣ್ಣು ಒಪ್ಪಿಸುವ ಪದವೊಂದನ್ನು ಅರ್ಧ ಹೇಳಿದರು. ಮದುಮಗಳು ಹೊಳೆಯ ದಡಕ್ಕೆ ಬಂದು ತವರಿನ ಕಡೆ ತಿರುಗಿ ನೋಡುವವರೆಗೆ.

"ಮಿಕ್ಕಿದ್ದ ನಾಳೆ ಏಳ್ತೀನಿ ಕಣವ್ವ, ಗಂಟ್ಲು ಒಣಗೋಯ್ತು" ಎಂದು ಎದ್ದರು.

ಟರ್ಮಿನಲ್ಲಿನ ಆ ನಿಧಾನ ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು. ಲ್ಯಾಬಿನವಳ ಮಾನದ ಪ್ರಶ್ನೆ ಬೇರೆ. ಅಡುಗೆ ಮುಗಿಸಿ ಬೇರೊಂದು ಟರ್ಮಿನಲ್ ಹಾಕಿದೆ. ಒಮ್ಮೆ ಬಿಡಿಸಿದ ಅಕ್ಷರವನ್ನು ಅದು ಗ್ರಾಫಿಕ್ಸ್ ಚಿಪ್ಪಿನಲ್ಲಿ ಇಟ್ಟುಕೊಂಡು, ಬೇಕಾದಾಗಲೆಲ್ಲ ಸೀಲು ಹೊಡೆದ ಹಾಗೆ ಹೊಡೆಯುತ್ತದೆ.

ಮರುದಿನ "ನೋಡಿ ಅತ್ತೆ" ಎಂದು ಕೀ ಒತ್ತಿದೆ. ಇಡೀ ಫೈಲು ಸರ್ರನೆ ಹರಿದು ಕೊನೆಗೆ ಹೋಗಿ ನಿಂತಿತು. ಹಾಡಲು ಬಾಯಿ ತೆರೆದಿದ್ದ ಅತ್ತೆ ಹಾಗೇ ಮುಚ್ಚಿಕೊಂಡರು.

"ಮೇಲಕ್ಕೆ ಹೋಗಿ ನಿಲ್ಲಿಸಿ ನಿಲ್ಲಿಸಿ ಓದಬಹುದು" ಎಂದೆ.

"ನಿಲ್ಸಿ ನಿಲ್ಸಿ ಯಾರಾರ ಪದ ಏಳ್ತಾರೇನವ್ವ?" ಎಂದು ನಕ್ಕರು.

ಆಮೇಲೆ ಸಂಜೆಯಾದರೆ ಅವರಿಗೆ ಅವರೆಕಾಯಿ ಸುಲಿಯುವುದೋ ಮತ್ತೊಂದೋ ಕೆಲಸ ಬರುತ್ತಿತ್ತು. ಕರೆಯಲು ನನಗೂ ಬಿಗುಮಾನ. ಹೆಣ್ಣು ಒಪ್ಪಿಸುವ ಪದ ಅರ್ಧಕ್ಕೇ ಉಳಿಯಿತು. ಕೆಲವು ತಿಂಗಳಲ್ಲಿ ಮೊಮ್ಮಗುವನ್ನು ನೋಡಿಕೊಳ್ಳಲೆಂದು ಚನ್ನರಾಯಪಟ್ಟಣದ ನಾದಿನಿಯ ಮನೆಗೆ ಹೋದವರು ಅಲ್ಲೇ ಉಳಿದರು. ಎರಡು ವರ್ಷದ ಮೇಲೆ, ಅಮ್ಮನಿಗೆ ಮರೆವು ಶುರುವಾಗಿದೆ ಎಂದು ನಾದಿನಿ ಫೋನಿನಲ್ಲಿ ಹೇಳಿದಳು. ಅವತ್ತು ನನಗೆ ಆ ಸಂಜೆಗಳು ಬೇಕೇ ಬೇಕು ಅನ್ನಿಸಿಬಿಟ್ಟಿತು. ಏದುಸಿರಿನ ಟರ್ಮಿನಲ್ಲೂ ಬೇಕು, ಪಕ್ಕದಲ್ಲಿ ಅವರ ಎಲೆಅಡಿಕೆ ವಾಸನೆಯೂ ಬೇಕು.

ಕಳೆದ ತಿಂಗಳು ಹಳೆಯ ಟರ್ಮಿನಲ್ಲನ್ನೇ ಮತ್ತೆ ಹಾಕಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಅತ್ತೆಗೆ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಪರದೆಯ ಮೇಲೆ ಎರಡೆರಡೇ ಸಾಲು ಬರತೊಡಗಿದಾಗ ಮಾತ್ರ ರಾಗ ತಾನಾಗಿ ಬಂತು. ಹೊಳೆಯ ದಡದವರೆಗೂ ಹೇಳಿದರು. ಫೈಲು ಅಲ್ಲಿಗೆ ಮುಗಿದಿತ್ತು. ಮುಂದಿನ ಸಾಲು ಅವರ ಬಾಯಿಂದ ಬರಲಿ ಎಂದು ನಾನು ಬೆರಳು ಸಿದ್ಧ ಮಾಡಿಕೊಂಡು ಕಾದೆ. ಅವರು ಪರದೆಯನ್ನೇ ನೋಡುತ್ತಾ ಕಾದರು.

"ಯಾಕವ್ವ, ಮುಂದಿಂದು ಇನ್ನೂ ಬರ್ನಿಲ್ಲ?" ಎಂದು ಕೇಳಿದರು.

"ಸ್ವಲ್ಪ ನಿಧಾನ ಅತ್ತೆ, ಬರುತ್ತೆ" ಎಂದೆ.