ಸೀಲಿನ ಮೇಲಿನ ಸಾಲು

ಕಾಡಿನ ನಡುವಿನ ನದಿಯೂರಾದ ಇಕಿಟೋಸಿನ ನಮ್ಮ ಒಣಗಿಡಗಳ ಸಂಗ್ರಹಾಲಯದಲ್ಲಿ ರುಪೆರ್ತೊ ಶಪಿಯಾಮನಿಗೆ ಹುದ್ದೆಯೆಂಬುದು ಇರಲಿಲ್ಲ. ಕೆಲಸ ಮಾತ್ರ ಇತ್ತು, ಮೂವತ್ತೊಂದು ವರ್ಷ. ತೊಗಟೆಗೆ ಮಚ್ಚಿನಿಂದ ಒಂದು ಏಟು ಹಾಕಿ, ಚಕ್ಕೆಯನ್ನು ಮೂಗಿಗೆ ಹಿಡಿದು ಮರದ ಹೆಸರು ಹೇಳುವ ಆಸಾಮಿ. ಸಸ್ಯಶಾಸ್ತ್ರದ ದೊಡ್ಡ ದೊಡ್ಡ ಡಾಕ್ಟರುಗಳು ತೆಪ್ಪಗೆ ಬರೆದುಕೊಳ್ಳುತ್ತಿದ್ದರು. ಅವನ ದೋಣಿ ನಡೆಸುತ್ತಿದ್ದವನು ನಾನು.

ಅವನಿಗೂ ಒಮ್ಮೆ ಯುರೋಪಿನ ಒಂದು ಸಂಗ್ರಹಾಲಯದಿಂದ ಕರೆ ಬಂದಿತ್ತು. ವೀಸಾ ಅರ್ಜಿಯಲ್ಲಿ ‘ಪದವಿ’ ಎಂದಿದ್ದ ಕಡೆ ‘ಮರ ಬಲ್ಲವನು’ ಎಂದು ಬರೆದ. ಅರ್ಜಿ ವಾಪಸಾಯಿತು. ಆಮೇಲೆ ಆ ಮಾತನ್ನು ಯಾರೂ ಅವನೆದುರು ಎತ್ತಲಿಲ್ಲ.

ಈಗ ಅಲ್ಲಿಗೆ ಹೋಗಲು ನೆಲಿಡಾಳ ಸರದಿ. ತುವಾನಾಮರ ಮನೆಯ ಹುಡುಗಿ, ರಾಜಧಾನಿ ಲಿಮಾದಲ್ಲಿ ಓದಿ ಬಂದವಳು, ಕಾಡಿನಲ್ಲಿ ಮೂರು ವರ್ಷ ಅವನ ಬೆನ್ನು ಹತ್ತಿ ಕಲಿತವಳು. ಸಂಶೋಧಕಿಯ ವೀಸಾ ಸಿಗಬೇಕಾದರೆ ಆ ಮೂರು ವರ್ಷಕ್ಕೆ ಜೊತೆಗಿದ್ದವರ ಪತ್ರ ಬೇಕು. ಕಾಡಿನೊಳಗೆ ಜೊತೆಗಿದ್ದವನು ರುಪೆರ್ತೊ ಒಬ್ಬನೇ.

“ಬರ್ಕೊಡು ಮಾಮ, ಶುಕ್ರವಾರ ಲಿಮಾದಲ್ಲಿರ್ಬೇಕು.”

“ಯಾಕಮ್ಮ ಡಾಕ್ಟರೇ, ಅಲ್ಲಿ ಮರ ಇಲ್ವಾ?”

“ನಮ್ಮ ಮರಾನೇ ಮಾಮ. ನಾವು ಒಣಗಿಸಿ ಕಳ್ಸಿದ್ದೆಲ್ಲ ಅಲ್ಲಿ ಕಪಾಟಲ್ಲಿದೆ.”

“ನಾವಂತೆ, ನಾವು! ಮರ ಹತ್ತಿ ಇರುವೆ ಕೈಲಿ ಕಚ್ಚಿಸ್ಕೊಂಡೋನು ಯಾರು? ಎಲೆ ವೀಸಾ ಇಲ್ದೇ ಹೋಯ್ತು, ನೀನು ವೀಸಾ ತಗೊಂಡು ಹೋಗ್ತೀಯ. ನಾನಿಲ್ಲಿ ಮಚ್ಚು ಮಸೀತಾ ಕೂತಿರ್ತೀನಿ.”

ಎರಡು ದಿನ ಅವಳ ಕಣ್ಣಿಗೆ ಬೀಳಲಿಲ್ಲ. ನನ್ನ ದೋಣಿಯಲ್ಲಿ ಕೂತು ಸಿಟ್ಟು ಕಾರಿಕೊಂಡ.

“ಮಹಾಗನಿ ಯಾವ್ದು, ಸೀಡರ್ ಯಾವ್ದು ಗೊತ್ತಿರ್ಲಿಲ್ಲ ಕಣೋ ಇವಳಿಗೆ!”

“ಈಗ ಗೊತ್ತಲ್ಲ.”

“ನಾನು ಹೇಳ್ಕೊಟ್ಟೆ!”

“ಹಂಗಂತಲೇ ಬರಿ ಮತ್ತೆ.”

ಕೆಕ್ಕರಿಸಿ ನೋಡಿದ. ಆದರೆ ಗುರುವಾರ ಬೆಳಿಗ್ಗೆ ಪತ್ರ ಬರೆದ, ಸಹಿ ಹಾಕಿ ಆಫೀಸಿನಲ್ಲಿ ಸಂಗ್ರಹಾಲಯದ ಸೀಲು ಒತ್ತಿಸಿಕೊಂಡ. ಸೀಲಿಗೆ ತುಸು ಮೇಲೆ ಕೊನೆಯ ಸಾಲು ಹೀಗಿತ್ತು: ‘ಈಕೆ ನಾನೂರ ಹನ್ನೆರಡು ಮರಗಳನ್ನು ತಪ್ಪಿಲ್ಲದೆ ಗುರುತಿಸುತ್ತಾಳೆ. ಉಳಿದವುಗಳ ಹೆಸರು ನನ್ನನ್ನು ಕೇಳುತ್ತಾಳೆ.’

ನೆಲಿಡಾ ಓದಿ ತುಟಿ ಕಚ್ಚಿದಳು. “ಮಾಮ, ಈ ಸಾಲು ತೆಗಿ. ವೀಸಾ ಕೈ ತಪ್ಪುತ್ತೆ.”

“ಸುಳ್ಳಾ?”

“ಸುಳ್ಳಲ್ಲ.”

“ಸಾಲು ಹೋದ್ರೆ ಕಾಗದಾನೂ ಹೋಗುತ್ತೆ, ನೋಡು.”

ಬೇರೆ ದಾರಿಯಿಲ್ಲದೆ ಹಾಗೇ ಒಯ್ದಳು.

ಐದು ವಾರಕ್ಕೆ ವೀಸಾ ಬಂತು. ಪಾಸ್‌ಪೋರ್ಟ್ ಹಿಡಿದು ಅವನ ಮನೆಗೆ ಓಡಿದಳು. ನಾನೂ ಅಲ್ಲೇ ಕೂತಿದ್ದೆ. ಅವನು ಪಾಸ್‌ಪೋರ್ಟ್ ಮುಟ್ಟಲೂ ಇಲ್ಲ.

“ನನ್ನ ಸಾಲು ಓದಿ ವೀಸಾದೋರು ಏನಂದ್ರು?”

ಅವಳು ಸುಳ್ಳು ಹೇಳಬಹುದಿತ್ತು. “ಓದ್ಲಿಲ್ಲ ಮಾಮ. ಸೀಲಿದೆಯಾ ಅಂತ ನೋಡಿ ಫೈಲಿಗೆ ಹಾಕ್ಕೊಂಡ್ರು.”

“ಒಂದ್ಸಲಾನೂ?”

“ಇಲ್ಲ.”

ಅವನ ಮುಖ ಕಪ್ಪಿಟ್ಟಿತು. ಅರ್ಜಿ ವಾಪಸಾದ ದಿನವೂ ನಾನು ಅವನನ್ನು ಹಾಗೆ ಕಂಡಿರಲಿಲ್ಲ. ಕೇಳಿದ: “ಅಲ್ಲಿ ಆ ಕಪಾಟಿನವರಿಗಾದ್ರೂ ಆ ಸಾಲು ಹೇಳ್ತೀಯಾ?”

“ಹೇಳ್ತೀನಿ ಮಾಮ.”

“ಹೇಳಲ್ಲ ನೀನು,” ಎಂದು ಎದ್ದು ಒಳಗೆ ಹೋದ.