ಗಾಳಿ ಅಂಗಿಗೆ ಹಚ್ಚಿದ ಹೊಂಗೆ ಎಣ್ಣೆ

ನಮ್ಮ ಯಜಮಾನರಿಗೆ ಈಜು ಬರುತ್ತಿರಲಿಲ್ಲ. ಅವರ ಕೆಲಸವೋ, ಕೆರೆಗಳ ಆಳ ಅಳೆಯುವುದು. ಹರಿಗೋಲಿನಲ್ಲಿ ಕೂತು, ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು, ಹೂಳು ಎಷ್ಟು ತುಂಬಿದೆ ಎಂದು ಬರೆದುಕೊಂಡು ಬರಬೇಕು. ಈಜು ಬರುತ್ತಿದ್ದದ್ದು ನನಗೆ. ತವರಿನಲ್ಲಿ ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿಯಲ್ಲಿ ಬಿದ್ದು ಎದ್ದು ಬೆಳೆದವಳು. ಆದರೆ ಹೆಂಡತಿಯನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೋಗುವ ಕಾನೂನು ಯಾವ ಸರ್ಕಾರದಲ್ಲೂ ಇಲ್ಲವಲ್ಲ.

ಅದಕ್ಕೇ ಆಫೀಸಿನವರು ಅವರಿಗೊಂದು ಲೈಫ್ ಜಾಕೆಟ್ ಕೊಟ್ಟಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮಾಲು. ಹಳದಿ ಬಣ್ಣ, ರಬ್ಬರು ಬಳಿದ ಬಟ್ಟೆ, ಎದೆಯ ಹತ್ತಿರ ಬಾಯಲ್ಲಿ ಊದುವ ಒಂದು ಕೊಳವೆ. ನಮ್ಮ ಅತ್ತೆ ಅದಕ್ಕೆ ಗಾಳಿ ಅಂಗಿ ಎಂದು ಹೆಸರಿಟ್ಟರು. ಮನೆಯಲ್ಲಿ ಅದೇ ಹೆಸರು ನಿಂತಿತು.

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮದುವೆಯಾಗಿ ಬಂದ ಹೊಸದರಲ್ಲೇ ಆ ಅಂಗಿಯ ಉಸ್ತುವಾರಿಯನ್ನು ನಾನು ಕೇಳಿ ವಹಿಸಿಕೊಂಡೆ. ಇವರ ಮರೆಗುಳಿತನ ನನಗೆ ಒಂದೇ ವಾರದಲ್ಲಿ ಗೊತ್ತಾಗಿಹೋಗಿತ್ತು. ಕೆರೆಯಿಂದ ಬಂದ ಕೂಡಲೇ ಒಳ್ಳೆಯ ನೀರಿನಲ್ಲಿ ಕೆಸರು ತೊಳೆಯುವುದು, ನೆರಳಲ್ಲಿ ಒಣಗಿಸುವುದು, ಮಡಿಕೆ ಅಂಟಿಕೊಳ್ಳದ ಹಾಗೆ ಪೌಡರ್ ಉದುರಿಸುವುದು. ಶನಿವಾರ ಸಂಜೆ ಕೆನ್ನೆ ನೋಯುವಷ್ಟು ಊದಿ ಇಟ್ಟರೆ ಭಾನುವಾರ ಬೆಳಿಗ್ಗೆಯೂ ಅದು ಬಿಗಿಯಾಗಿಯೇ ಇರಬೇಕು. ಆಮೇಲೆ ಗಾಳಿ ಬಿಟ್ಟು ಪೇಪರಿನಲ್ಲಿ ಸುತ್ತಿ ಗೂಡಿನಲ್ಲಿ ಇಡುತ್ತಿದ್ದೆ. "ನೋಡಿದ್ಯಾ?" ಎಂದು ಅವರು ಕೇಳುವುದು, "ನೋಡಿದೀನಿ" ಎಂದು ನಾನು ಹೇಳುವುದು. ಅವರು ತಾವಾಗಿ ಒಂದು ದಿನವೂ ಮುಟ್ಟಿ ನೋಡಿದವರಲ್ಲ.

ಆ ವರ್ಷ ಆಯುಧಪೂಜೆ ಬಂತು. ನಮ್ಮ ತವರಿನಲ್ಲಿ ಅವತ್ತು ಎಣ್ಣೆ ಕಾಣದ ವಸ್ತುವೇ ಇರುತ್ತಿರಲಿಲ್ಲ. ನೇಗಿಲು, ಈಳಿಗೆಮಣೆ, ಕಪಿಲೆಯ ಚರ್ಮದ ಚೀಲ ಎಲ್ಲಕ್ಕೂ ಹೊಂಗೆ ಎಣ್ಣೆ. ಎಣ್ಣೆ ಕುಡಿದ ಚರ್ಮ ವರ್ಷವಿಡೀ ಬಿರಿಯುವುದಿಲ್ಲ. ಇವರ ಪ್ರಾಣ ಕಾಯುವ ಅಂಗಿಗಿಂತ ದೊಡ್ಡ ಆಯುಧ ಈ ಮನೆಯಲ್ಲಿ ಯಾವುದಿದೆ ಎಂದುಕೊಂಡು, ತವರಿಂದ ತಂದಿದ್ದ ಎಣ್ಣೆಯನ್ನು ಅದಕ್ಕೆ ಧಾರಾಳವಾಗಿ ತಿಕ್ಕಿ, ಕುಂಕುಮ ಇಟ್ಟು, ಹೂ ಏರಿಸಿದೆ. ಥಳಥಳ ಹೊಳೆಯಿತು. ಎಣ್ಣೆ ಬಿದ್ದರೆ ರಬ್ಬರು ಕೊಳೆಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೀಗೂ ಮಾಡುವವರು ಇರುತ್ತಾರೆ ಎಂದು ನಮ್ಮ ಯಜಮಾನರಿಗೆ ಹೊಳೆದಿರಲಿಕ್ಕಿಲ್ಲ.

ಮುಂದಿನ ಶನಿವಾರ ಅಂಗಿ ಕೈಗೆ ಅಂಟಂಟಾಯಿತು. ಒಂದು ಹಿಡಿ ಪೌಡರ್ ಹೆಚ್ಚು ಹಾಕಿದೆ. ಅದರ ಮುಂದಿನ ವಾರ ಬೆಳಿಗ್ಗೆ ಒತ್ತಿದರೆ ಸ್ವಲ್ಪ ಮೆತ್ತಗಿತ್ತು. ಥಂಡಿಗೆ ಹಾಗಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ಶನಿವಾರ ದೀಪಾವಳಿಯ ಸುಣ್ಣಬಣ್ಣ, ಪಾತ್ರೆ ಬೆಳಗುವುದು. ಊದಲೇ ಇಲ್ಲ. ನಿಜ ಹೇಳಬೇಕೆಂದರೆ ಪುರುಸೊತ್ತಿಲ್ಲದ್ದು ನೆಪ. ಊದಿ ನೋಡಲು ಹೆದರಿಕೆ. ಭಾನುವಾರ ಅವರು "ನೋಡಿದ್ಯಾ?" ಎಂದರು. "ನೋಡಿದೀನಿ" ಎಂದೆ.

ಸೋಮವಾರ ಅವರು ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಕೋಣನಕುಂಟೆಯ ಆಚೆ ಒಂದು ಕೆರೆ ತುಂಬಿ ಕೋಡಿ ಬಿದ್ದಿತ್ತು, ಅವತ್ತು ಅದನ್ನು ಅಳೆಯಬೇಕಿತ್ತು. ನಾನು ಗೂಡು ಒರೆಸಲು ಹೋದರೆ, ಅಂಗಿ ಸುತ್ತಿದ್ದ ಪೇಪರು ಅಲ್ಲೇ ಬಿದ್ದಿತ್ತು. ಅದರ ತುಂಬ ಹಳದಿ ರಬ್ಬರಿನ ಸಿಪ್ಪೆ ಅಂಟಿಕೊಂಡಿತ್ತು. ಪೇಪರನ್ನು ಅಲ್ಲೇ ಬಿಟ್ಟು ಬಸ್ ಸ್ಟಾಪಿನ ಕಡೆ ಓಡಿದೆ.

"ಎಲ್ಲಿಗೇ ಹಂಗೆ ಓಡ್ತಿದೀಯಾ?" ಎಂದು ಅತ್ತೆ ಕೂಗಿದ್ದು ಕೇಳಿಸಿತು. ನಿಲ್ಲಲಿಲ್ಲ. ಒದ್ದೆ ತಲೆ, ಬರಿಗಾಲು, ಸೆರಗು ಸೊಂಟಕ್ಕೆ. ಬಸ್ ಸ್ಟಾಪಿನಲ್ಲಿ ಏಳೆಂಟು ಜನ ಇದ್ದರು. ನೀರಿಗೆ ಇಳಿದ ಮೇಲೆ ಚಳಿಯೇನು, ಮಳೆಯೇನು. ಎಲ್ಲರ ಎದುರಿಗೇ ಹೇಳಿದೆ. "ರೀ, ನಾನು ನೋಡಿಲ್ಲ. ಸುಳ್ಳು ಹೇಳ್ದೆ. ಹಬ್ಬಕ್ಕೆ ಎಣ್ಣೆ ಹಚ್ಚಿದ್ದೆ, ಅದು ಕರಗ್ತಾ ಇದೆ."

ಅವರು ಚೀಲದಿಂದ ಅಂಗಿ ತೆಗೆದು ಊದಿದರು. ಉಬ್ಬಿತು. ನನಗೆ ಜೀವ ಬಂದಂತಾಯಿತು. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಕೇಳಿದರು, ಆಮೇಲೆ ನನ್ನ ಕಿವಿಗೂ ಹಿಡಿದರು. ಭುಜದ ಹೊಲಿಗೆಯಲ್ಲಿ ಸುಯ್ ಎಂದು ಗಾಳಿ ಹೋಗುತ್ತಿತ್ತು. ಬಸ್ಸು ಬರುವಷ್ಟರಲ್ಲಿ ಅಂಗಿ ಜೋತುಬಿದ್ದಿತ್ತು.

"ಇವತ್ತು ಹರಿಗೋಲು ಹತ್ತಲ್ಲ. ದಡದಲ್ಲೇ ಕೂತು ನಕ್ಷೆ ಬರೀತೀನಿ. ನೀನು ಮನೆಗೆ ಹೋಗು, ಚಪ್ಪಲೀನೂ ಹಾಕ್ಕೊಂಡಿಲ್ಲ," ಎಂದು ಬಸ್ಸು ಹತ್ತಿದರು. ನಾಲ್ಕು ಮಾತು ಬೈದಿದ್ದರೂ ಚೆನ್ನಾಗಿರುತ್ತಿತ್ತು. ದಾರಿಯುದ್ದಕ್ಕೂ ಅಳುತ್ತಾ ಬಂದೆ, ನೋಡಿದವರು ನೋಡಲಿ ಎಂದು.

ತಿಂಗಳು ಕಳೆದು ಬೇರೆ ಅಂಗಿ ಬಂತು. ನಾನು ಅದನ್ನು ಮುಟ್ಟಲಿಲ್ಲ. "ಇದನ್ನ ನೀವೇ ನೋಡ್ಕೊಳ್ಳಿ. ನನ್ನ ಮಾತು ನಂಬ್ಕೊಂಡು ನೀರಿಗಿಳೀಬೇಡಿ," ಎಂದೆ.

ಅವರು ಪೌಡರ್ ಡಬ್ಬಿ ತಂದು ನನ್ನ ಮುಂದೆ ಇಟ್ಟರು. "ಸರಿಯಾಗಿದೆ ಅಂತ ಯಾರು ಬೇಕಾದ್ರೂ ಹೇಳ್ತಾರೆ. ಸರಿಯಿಲ್ಲ ಅಂತ ಹೇಳೋಕೆ ಬರಿಗಾಲಲ್ಲಿ ಓಡಿ ಬಂದಿದ್ದು ನೀನೊಬ್ಬಳೇ. ನೀನೇ ನೋಡು," ಎಂದರು.

ಅವರು ರಿಟೈರ್ ಆಗುವವರೆಗೂ ನಾನೇ ನೋಡಿದೆ. "ನೋಡಿದ್ಯಾ?" ಎಂದು ಅವರು ಆಮೇಲೆ ಒಮ್ಮೆಯೂ ಕೇಳಲಿಲ್ಲ.